24 ಟಿಎಂಸಿ ಲೆಕ್ಕ ಹಾಕಿದ್ದು ಯಾರು? ಆ ಲೆಕ್ಕವನ್ನು ಪ್ರಶ್ನಿಸೋಕೆ ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಕರ್ನಾಟಕದಲ್ಲಿ ನೀರಿನ ವಿಚಾರಕ್ಕೆ ನಡೆಯುವ ಪ್ರತಿಯೊಂದು ಜಗಳದ ಬುಡದಲ್ಲೂ ಒಂದು ಅಂಕಿ ಇರುತ್ತೆ. ಎತ್ತಿನಹೊಳೆ ಅಂದರೆ 24 ಟಿಎಂಸಿ. ಕಾವೇರಿ ಅಂದರೆ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ. ಆಲಮಟ್ಟಿ ಅಂದರೆ 524.256 ಮೀಟರ್. ಈ ಅಂಕಿಗಳ ಮೇಲೆ ಬಂದ್ ನಡೆದಿವೆ, ಬಸ್ಸು ಸುಟ್ಟಿವೆ, ಚುನಾವಣೆ ಗೆದ್ದಿದ್ದಾರೆ, ಸಾವಿರಾರು ಕೋಟಿಯ ಟೆಂಡರ್ ಕರೆದಿದ್ದಾರೆ. ಪ್ರೈಮ್ ಟೈಮ್ ಚರ್ಚೆಗೆ ಕೂತ ಪಕ್ಷದ ವಕ್ತಾರರು ಈ ಅಂಕಿಗಳನ್ನು ಗಾಯತ್ರಿ ಮಂತ್ರದ ಥರ ಜಪಿಸ್ತಾರೆ.

ಆದರೆ ಇವುಗಳಲ್ಲಿ ಯಾವುದನ್ನೂ ಯಾರೂ ಹೊಳೆಗೆ ಕೊಡ ಹಾಕಿ ಅಳೆದಿಲ್ಲ. ಎಲ್ಲವೂ ಲೆಕ್ಕದಿಂದ ಹುಟ್ಟಿದವು. ಎಲ್ಲೋ ಕೆಲವು ಕಡೆ ಅಳೆದ ಮಳೆ, ಕೆಲವು ವರ್ಷ ಅಳೆದ ಹರಿವು, ನೆಲದ ಇಳಿಜಾರು, ಮಣ್ಣಿನ ಗುಣ, ಇವನ್ನೆಲ್ಲ ಸೂತ್ರಗಳಲ್ಲಿ ಜೋಡಿಸಿ 'ಇಷ್ಟು ನೀರು ಬರುತ್ತೆ, ಇಲ್ಲಿವರೆಗೆ ಏರುತ್ತೆ' ಅಂತ ಹೇಳುವ ವಿದ್ಯೆಗೆ ಹೈಡ್ರಾಲಜಿಕ್ ಮಾಡೆಲಿಂಗ್ ಅಂತಾರೆ. ಇವತ್ತು ಅದನ್ನು ಕಂಪ್ಯೂಟರ್ ಮಾಡುತ್ತೆ. ಯಾವ ಮಳೆಮಾಪಕ ನಂಬೋದು, ಯಾವ ವರ್ಷ ಬಿಡೋದು, ಯಾವ ಗುಣಾಂಕ ಹಾಕೋದು ಅನ್ನೋದನ್ನು ಮಾತ್ರ ಮನುಷ್ಯರೇ ತೀರ್ಮಾನಿಸ್ತಾರೆ.

ಆ ಮನುಷ್ಯರು ಯಾರು? ಅವರಿಗೆ ತರಬೇತಿ ಕೊಟ್ಟವರು ಯಾರು? ಅವರ ಲೆಕ್ಕವನ್ನು ಬಿಚ್ಚಿ ನೋಡಿ 'ಸ್ವಾಮಿ, ಇಲ್ಲಿ ತಪ್ಪಾಗಿದೆ' ಅನ್ನಬಲ್ಲವರು ಈ ರಾಜ್ಯದಲ್ಲಿ ಎಷ್ಟು ಮಂದಿ? ಎಂಜಿನಿಯರುಗಳ ತರಬೇತಿ ಅಂದ ಕೂಡಲೇ ಇದು ಇಲಾಖೆಯ ಒಳಗಿನ ವಿಷಯ ಅಂತ ನಾವು ಪಕ್ಕಕ್ಕೆ ಸರಿಸ್ತೀವಿ. ನನ್ನ ಪ್ರಕಾರ ಇದು ರಾಜಕೀಯದ ಪ್ರಶ್ನೆ. ನೀರಿನ ಹಂಚಿಕೆಯಷ್ಟೇ ದೊಡ್ಡ ಪ್ರಶ್ನೆ.

ಮೊಬೈಲ್ ಕ್ಯಾಲ್ಕುಲೇಟರ್ ತೆಗೀರಿ

ಎತ್ತಿನಹೊಳೆಯಿಂದಲೇ ಶುರು ಮಾಡೋಣ. ಸಕಲೇಶಪುರದ ಘಟ್ಟದಲ್ಲಿ ಹುಟ್ಟಿ ನೇತ್ರಾವತಿಗೆ ಸೇರುವ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿ ಹೊಳೆ, ಹೊಂಗಡಹಳ್ಳಗಳಿಗೆ ಎಂಟು ಒಡ್ಡು ಕಟ್ಟಿ, ನೀರನ್ನು ಮೇಲೆತ್ತಿ ಪೂರ್ವಕ್ಕೆ, ಕೋಲಾರ, ಚಿಕ್ಕಬಳ್ಳಾಪುರದವರೆಗೆ ಒಯ್ಯುವ ಯೋಜನೆ ಇದು. ಸರ್ಕಾರದ ಅಂಕಿ 24.01 ಟಿಎಂಸಿ. ವೆಚ್ಚದ ಅಂದಾಜು 2012ರಲ್ಲಿ 8,323 ಕೋಟಿ ಇದ್ದದ್ದು 12,912 ಕೋಟಿಯಾಗಿ, ಆಮೇಲೆ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯ ಮೊದಲ ಹಂತಕ್ಕೆ ಚಾಲನೆ ಕೊಟ್ಟರು.

2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಇದೇ ಹೊಳೆಗಳ ಲೆಕ್ಕ ಹಾಕಿದ್ದರು. ಅವರಿಗೆ ಸಿಕ್ಕ ಉತ್ತರ 9.55 ಟಿಎಂಸಿ. ಅದರಲ್ಲೂ 5.84 ಟಿಎಂಸಿ ಅಲ್ಲಿನ ಜನ, ದನ, ತೋಟ, ಗದ್ದೆಗಳಿಗೇ ಬೇಕು ಅಂದರು.

24 ಎಲ್ಲಿ, 9.55 ಎಲ್ಲಿ! ಇಬ್ಬರು ಮೇಸ್ತ್ರಿಗಳು ಒಂದೇ ಸೈಟ್ ನೋಡಿ ಒಬ್ಬ ಹತ್ತು ಲೋಡ್ ಇಟ್ಟಿಗೆ, ಇನ್ನೊಬ್ಬ ಇಪ್ಪತ್ತೈದು ಲೋಡ್ ಅಂದರೆ ನೀವು ಏನು ಮಾಡ್ತೀರಿ? ಕೂರಿಸಿ ಲೆಕ್ಕ ಕೇಳ್ತೀರಿ. ಇಲ್ಲಿ ನಾವು ಪಕ್ಷ ನೋಡಿ, ಜಿಲ್ಲೆ ನೋಡಿ ಒಂದು ಅಂಕಿ ಆರಿಸಿಕೊಂಡೆವು. ಕರಾವಳಿಯವರಿಗೆ 9.55, ಬಯಲುಸೀಮೆಯವರಿಗೆ 24.

ಈಗ ಲೆಕ್ಕ ನಾವೇ ಮಾಡೋಣ. ಒಂದು ಟಿಎಂಸಿ ಅಂದರೆ ಸುಮಾರು 2.83 ಕೋಟಿ ಘನ ಮೀಟರ್. 24 ಟಿಎಂಸಿ ಅಂದರೆ 68 ಕೋಟಿ ಘನ ಮೀಟರ್. ಈ ಹೊಳೆಗಳಿಗೆ ನೀರು ಹರಿದು ಬರುವ ಜಲಾನಯನ ಪ್ರದೇಶ ಹೆಚ್ಚುಕಮ್ಮಿ 180 ಚದರ ಕಿಲೋಮೀಟರ್. ಭಾಗಿಸಿ ನೋಡಿ. ಅಷ್ಟೂ ನೆಲದ ಮೇಲೆ ಸುಮಾರು 3,780 ಮಿಲಿಮೀಟರ್ ಎತ್ತರದ ನೀರು ಹೊಳೆಗೆ ಹರಿದು ಬರಬೇಕು. ಅಲ್ಲಿ ಬೀಳುವ ಮಳೆ ಎಷ್ಟು? ಜಾಗ, ವರ್ಷ ನೋಡಿಕೊಂಡು ಸುಮಾರು 3,000ದಿಂದ 5,000 ಮಿ.ಮೀ. ಸರಾಸರಿ 4,000 ಅಂತ ಇಟ್ಟುಕೊಂಡರೂ ಬಿದ್ದ ಮಳೆಯಲ್ಲಿ ನೂರಕ್ಕೆ 94 ಭಾಗ ಹೊಳೆ ಸೇರಬೇಕು. ಆದರೆ ಮರ ಗಿಡ ನೀರು ಕುಡಿಯುತ್ತವೆ, ನೆಲ ಹೀರುತ್ತೆ, ಎಲೆ ಮೇಲಿನ ಹನಿ ಹಾಗೇ ಆರಿ ಹೋಗುತ್ತೆ. ಮಲೆನಾಡಿನ ಕಾಡಿನಲ್ಲಿ ಹೀಗೆ ಆವಿಯಾಗಿ ಹೋಗೋದೇ ವರ್ಷಕ್ಕೆ ಸಾವಿರ ಮಿ.ಮೀ. ಆಸುಪಾಸು.

ಎದುರು ವಾದಕ್ಕೂ ಜಾಗ ಇದೆ. ಘಟ್ಟದ ಮೇಲೆ ಮಳೆಮಾಪಕಗಳು ಕಡಿಮೆ. ಇರುವವು ರಸ್ತೆ ಪಕ್ಕ, ಎಸ್ಟೇಟ್ ಬಂಗಲೆ ಪಕ್ಕ ಇರುತ್ತವೆ. ಕಡಿದಾದ ಶೋಲಾ ಬೆಟ್ಟದ ತುದಿಯಲ್ಲಿ ಬೀಳುವ ಮಳೆ ಅಳತೆಗೇ ಸಿಗದೆ ಹೋಗಬಹುದು. ರಾಮಚಂದ್ರ ಅವರ 9.55 ಕೂಡ ಒಂದು ಮಾಡೆಲ್‌ನ ಉತ್ತರವೇ, ಅದನ್ನೂ ಪ್ರಶ್ನಿಸಬೇಕು. ಆದರೆ ಪ್ರಶ್ನಿಸೋದು ಹೇಗೆ? ಮಳೆಯ ಡೇಟಾ ಯಾವುದು, ಹರಿವನ್ನು ಎಲ್ಲಿ ಅಳೆದರು, ಪಕ್ಕದ ಹೊಳೆಯ ಅಂಕಿಯನ್ನು ಇಲ್ಲಿಗೆ ತಂದು ಹೊಂದಿಸಿದರಾ ಅಂತ ಕೇಳುವ ಮೂಲಕ. ಹತ್ತು ವರ್ಷ ಹೋರಾಟ ನಡೆಯಿತು, ಹಸಿರು ನ್ಯಾಯಪೀಠಕ್ಕೆ ಕೇಸು ಹೋಯಿತು, ನೂರಾರು ಗಂಟೆ ಟಿವಿ ಚರ್ಚೆಯಾಯಿತು. ಹೈಸ್ಕೂಲ್ ಮಟ್ಟದ ಈ ಭಾಗಾಕಾರ ಎಷ್ಟು ಬಾರಿ ನಿಮ್ಮ ಕಣ್ಣಿಗೆ ಬಿತ್ತು?

ಮಾಡೆಲ್ ಒಳಗೆ ಏನಿರುತ್ತೆ?

ಕ್ರಿಕೆಟ್‌ನಲ್ಲಿ ಮಳೆ ಬಂದಾಗ ಡಕ್‌ವರ್ತ್ ಲೂಯಿಸ್ ಹಾಕ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಹಳೆಯ ಮ್ಯಾಚುಗಳ ಅಂಕಿಅಂಶದಿಂದ ಒಂದು ಸೂತ್ರ ಮಾಡಿ, ಆಡದೇ ಇರುವ ಓವರ್‌ಗಳಲ್ಲಿ ಏನಾಗಬಹುದಿತ್ತು ಅಂತ ಹೇಳ್ತಾರೆ. ನೀರಿನ ಮಾಡೆಲ್ ಮಾಡೋದೂ ಹೆಚ್ಚುಕಮ್ಮಿ ಅದನ್ನೇ. ಅಳೆದ ಜಾಗದ, ಅಳೆದ ವರ್ಷಗಳ ಜ್ಞಾನದಿಂದ ಅಳೆಯದ ಜಾಗ, ಬರದ ವರ್ಷಗಳ ಬಗ್ಗೆ ಮಾತಾಡುತ್ತೆ.

ಕೆಲಸದ ಕ್ರಮ ಹೀಗಿರುತ್ತೆ. ಉಪಗ್ರಹದಿಂದ ಸಿಕ್ಕ ಎತ್ತರದ ನಕ್ಷೆ ಹಾಕಿ ಯಾವ ನೆಲದ ನೀರು ಯಾವ ಹಳ್ಳಕ್ಕೆ ಹೋಗುತ್ತೆ ಅಂತ ಗೆರೆ ಎಳೀತಾರೆ. ಕಾಡೆಷ್ಟು, ಗದ್ದೆಯೆಷ್ಟು, ಕಾಂಕ್ರೀಟ್ ಎಷ್ಟು, ಮಣ್ಣು ಕಪ್ಪೋ ಕೆಂಪೋ ಅಂತ ತುಂಬಿಸ್ತಾರೆ. ಬಿದ್ದ ಮಳೆಯಲ್ಲಿ ಎಷ್ಟು ಇಂಗುತ್ತೆ, ಎಷ್ಟು ಹರಿಯುತ್ತೆ ಅನ್ನೋದಕ್ಕೆ ಒಂದು ವಿಧಾನ ಆರಿಸ್ತಾರೆ. ಆಮೇಲೆ ಬರೋದು ಅತಿ ಮುಖ್ಯ ಹಂತ: ಮಾಡೆಲ್ ಹೇಳಿದ ಹರಿವನ್ನು ಹೊಳೆಯಲ್ಲಿ ನಿಜವಾಗಿ ಅಳೆದ ಹರಿವಿನ ಜೊತೆ ತಾಳೆ ನೋಡಿ ಗುಣಾಂಕಗಳನ್ನು ಹದ ಮಾಡೋದು. ಇದಕ್ಕೆ ಕ್ಯಾಲಿಬ್ರೇಷನ್ ಅಂತಾರೆ. ಹದ ಮಾಡೋಕೆ ಬಳಸದ ಬೇರೆ ವರ್ಷಗಳ ಮೇಲೆ ಅದನ್ನೇ ಓಡಿಸಿ ಪರೀಕ್ಷಿಸೋದು ವ್ಯಾಲಿಡೇಷನ್. ಈ ಎರಡು ಇಲ್ಲದ ಮಾಡೆಲ್ ಅಂದರೆ ಬಣ್ಣದ ನಕ್ಷೆ ಹಾಕಿದ ಕಣಿ.

ಕ್ಯಾಲಿಬ್ರೇಷನ್ ಯಾಕಿಷ್ಟು ಮುಖ್ಯ ಅಂತ ಒಂದು ಉದಾಹರಣೆ ಕೊಡ್ತೀನಿ. ಪ್ರಪಂಚದಾದ್ಯಂತ ಬಳಸುವ 'ಕರ್ವ್ ನಂಬರ್' ವಿಧಾನ 1950ರ ದಶಕದಲ್ಲಿ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ಅಲ್ಲಿನ ಚಿಕ್ಕ ಚಿಕ್ಕ ಕೃಷಿ ಜಲಾನಯನಗಳ ಅನುಭವದಿಂದ ರೂಪಿಸಿದ್ದು. ಟೇಬಲ್ ನೋಡಿ ಅಂಕಿ ಹಾಕಿದರೆ ಆಯ್ತು, ಬಲು ಸುಲಭ. ಆದರೆ ಅಲ್ಲಿನ ಹೊಲದ ಅಂಕಿಯನ್ನು ಹಾಗೇ ತಂದು ಮೂರು ತಿಂಗಳು ಬಿಡದೆ ಸುರಿಯುವ ಮಲೆನಾಡಿಗೂ, ಬಿರುಕು ಬಿಟ್ಟ ರಾಯಚೂರಿನ ಎರೆ ಭೂಮಿಗೂ ಹಾಕಿದರೆ ಸಾಫ್ಟ್‌ವೇರ್ ಬೇಡ ಅನ್ನೋದಿಲ್ಲ. ಏನು ಕೊಟ್ಟರೂ ಉತ್ತರ ಕೊಡುತ್ತೆ, ಅದೂ ದಶಾಂಶ ಬಿಂದುವಿನ ಜೊತೆಗೆ. ಆ ಉತ್ತರವನ್ನು ನಂಬಬೇಕೋ ಬೇಡವೋ ಅಂತ ಹೇಳಬೇಕಾದದ್ದು ತರಬೇತಿ ಪಡೆದ ಮನುಷ್ಯ.

ಒಂದೇ ನದಿ, ಎರಡು ಸರ್ಕಾರ

ಮಾಡೆಲ್ ರಾಜಕೀಯದ ಆಯುಧ ಆಗೋದು ಹೇಗೆ ಅಂತ ನೋಡಬೇಕಾದರೆ ಆಲಮಟ್ಟಿಗೆ ಬನ್ನಿ. 2000ದಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್‌ವರೆಗೆ ನೀರು ನಿಲ್ಲಿಸೋಕೆ ಒಪ್ಪಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಾಧಿಕರಣ 524.256 ಮೀಟರ್‌ಗೆ ಹಸಿರು ನಿಶಾನೆ ಕೊಟ್ಟಿತು. 2005 ಮತ್ತು 2019ರಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗ ಮಹಾರಾಷ್ಟ್ರದಲ್ಲಿ ಎದ್ದ ಕೂಗು ಒಂದೇ: ಆಲಮಟ್ಟಿ ಹಿನ್ನೀರೇ ಕಾರಣ. ಆದರೆ ಅದೇ ಸರ್ಕಾರ ನೇಮಿಸಿದ ನಂದಕುಮಾರ್ ವಡ್ನೇರೆ ಸಮಿತಿ 2020ರಲ್ಲಿ ಆಲಮಟ್ಟಿ, ಹಿಪ್ಪರಗಿ ಕಾರಣ ಅಲ್ಲ ಅಂದಿತು. ಅಷ್ಟಕ್ಕೆ ಮುಗಿಯಲಿಲ್ಲ. ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಗೆ ಹೊಸ ಅಧ್ಯಯನ ವಹಿಸಿದರು. 2025ರ ಮೇನಲ್ಲಿ ದೇವೇಂದ್ರ ಫಡ್ನವೀಸ್ ಎತ್ತರ ಹೆಚ್ಚಿಸಬೇಡಿ ಅಂತ ಸಿದ್ದರಾಮಯ್ಯ ಅವರಿಗೆ ಪತ್ರ ಬರೆದರು.

ಇಲ್ಲಿ ಜಗಳ ಇರೋದು ಹಿನ್ನೀರಿನ ರೇಖೆಯ ಮೇಲೆ. ಅಣೆಕಟ್ಟೆಯ ಹಿಂದೆ ನೀರು ತಟ್ಟೆಯಲ್ಲಿದ್ದ ಹಾಗೆ ಸಮತಟ್ಟಾಗಿ ನಿಲ್ಲೋದಿಲ್ಲ, ಪ್ರವಾಹದ ಹೊತ್ತಲ್ಲಿ ಮೇಲಕ್ಕೆ ಹೋದ ಹಾಗೆ ಅದರ ಮಟ್ಟ ಏರುತ್ತಾ ಹೋಗುತ್ತೆ. ಆಲಮಟ್ಟಿಯಿಂದ ನದಿಯ ಹಾದಿಯಲ್ಲಿ 200 ಕಿ.ಮೀ.ಗೂ ದೂರ ಇರುವ ಸಾಂಗ್ಲಿಗೆ ಅದರ ಪರಿಣಾಮ ಮುಟ್ಟುತ್ತೋ ಇಲ್ಲವೋ ಅನ್ನೋದು ಪ್ರಶ್ನೆ. ಇದನ್ನು ಲೆಕ್ಕ ಹಾಕುವಾಗ ನದಿಯ ಒರಟುತನಕ್ಕೆ ಮ್ಯಾನಿಂಗ್ ಗುಣಾಂಕ ಅಂತ ಒಂದು ಅಂಕಿ ಕೊಡಬೇಕು. ಮರಳು ತಳಕ್ಕೆ ಕಡಿಮೆ, ಪೊದೆ, ಕಬ್ಬಿನ ಗದ್ದೆ, ಸೇತುವೆ ಕಂಬ ಇರುವ ಕಡೆ ಹೆಚ್ಚು. ಇದನ್ನು 0.030 ಬದಲು 0.035 ಅಂತ ಹಾಕಿದರೆ 10 ಮೀಟರ್ ಆಳ ಹರಿಯುವ ಅಗಲವಾದ ಹೊಳೆಯಲ್ಲಿ ನೀರಿನ ಮಟ್ಟ ಸರಿಸುಮಾರು 1 ಮೀಟರ್ ಏರುತ್ತೆ. ಎರಡೂ ಅಂಕಿ ಪಠ್ಯಪುಸ್ತಕದ ಪ್ರಕಾರ ಸರಿಯೇ! ಯಾವುದು ಈ ನದಿಗೆ ಸರಿ ಅಂತ ಗೊತ್ತಾಗೋದು ಹಳೆಯ ಪ್ರವಾಹದ ಗುರುತುಗಳ ಜೊತೆ ತಾಳೆ ಹಾಕಿದಾಗ ಮಾತ್ರ.

ನಾಳೆ ಸುಪ್ರೀಂ ಕೋರ್ಟಿನಲ್ಲಿ ರೂರ್ಕಿಯ ವರದಿ ಮೇಜಿನ ಮೇಲೆ ಬಂದರೆ ಆ ಗುಣಾಂಕವನ್ನು ಹುಡುಕಿ ತೆಗೆದು, ಯಾವ ಪ್ರವಾಹಕ್ಕೆ ತಾಳೆ ಹಾಕಿದ್ದೀರಿ ಅಂತ ಕೇಳಬಲ್ಲ ಎಂಜಿನಿಯರ್ ನಮ್ಮ ಕಡೆ ಕೂತಿರಬೇಕು. ವಕೀಲರ ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸ ಅವರಿಂದ ಆಗದು. ಇನ್ನೊಂದು ಮಾತು. ಆಲಮಟ್ಟಿ ಎತ್ತರಿಸಿದರೆ ನಮ್ಮದೇ ಬಾಗಲಕೋಟೆ, ವಿಜಯಪುರದ ಸುಮಾರು 75 ಸಾವಿರ ಎಕರೆ ಮುಳುಗುತ್ತೆ. ಆ ಮುಳುಗಡೆಯ ಗೆರೆ ಎಳೆಯೋದೂ ಇದೇ ವಿದ್ಯೆ. ಗೆರೆಯ ಈಚೆಗಿದ್ದ ರೈತನಿಗೆ ಪರಿಹಾರ, ಹತ್ತು ಮಾರು ಆಚೆಗಿದ್ದವನಿಗೆ ಏನೂ ಇಲ್ಲ. ಪ್ರವಾಹ ಬಂದ ವರ್ಷ ಇಬ್ಬರ ಹೊಲಕ್ಕೂ ನೀರು ನುಗ್ಗಿದರೆ ಆ ಗೆರೆ ಎಳೆದದ್ದು ಹೇಗೆ ಅಂತ ಅವನು ಯಾರನ್ನು ಕೇಳಬೇಕು?

ಐವತ್ತು ಪರ್ಸೆಂಟ್ ಅಂದರೆ ಏನು?

ಕಾವೇರಿ ಗಲಾಟೆಯಲ್ಲೂ ಇದೇ ಕಥೆ. 2007ರ ಐತೀರ್ಪು ಇಡೀ ಕಣಿವೆಯಲ್ಲಿ 740 ಟಿಎಂಸಿ ಇದೆ ಅಂತ ಲೆಕ್ಕ ಹಿಡಿದು ಹಂಚಿತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75ಕ್ಕೆ ಏರಿಸಿತು. ಈ 740ರ ಪಕ್ಕ ಒಂದು ಸಣ್ಣ ಷರತ್ತು ಇದೆ, ಟಿವಿಯಲ್ಲಿ ಯಾರೂ ಓದೋದಿಲ್ಲ: '50 ಪರ್ಸೆಂಟ್ ಭರವಸೆ'ಯ ಇಳುವರಿ. ಅಂದರೆ ನೂರು ವರ್ಷ ತಗೊಂಡರೆ ಐವತ್ತು ವರ್ಷ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ನೀರು, ಉಳಿದ ಐವತ್ತು ವರ್ಷ ಇದಕ್ಕಿಂತ ಕಡಿಮೆ. ಸಾಮಾನ್ಯವಾಗಿ ನೀರಾವರಿ ಯೋಜನೆಗೆ 75 ಪರ್ಸೆಂಟ್ ಭರವಸೆ ನೋಡ್ತಾರೆ, ಕುಡಿಯುವ ನೀರಿಗೆ ಇನ್ನೂ ಹೆಚ್ಚು. ಹಂಚಿದ್ದು ಸರಾಸರಿ ಮಳೆಗಾಲವನ್ನು, ಜಗಳ ಬರೋದು ಕೆಟ್ಟ ಮಳೆಗಾಲದಲ್ಲಿ.

ಕೆಟ್ಟ ಮಳೆಗಾಲಕ್ಕೆ ಸಂಕಷ್ಟ ಸೂತ್ರ ಬೇಕು ಅಂತ ಎಲ್ಲರೂ ಹೇಳ್ತಾರೆ. 2023ರಲ್ಲಿ ಅದಿಲ್ಲದೇ ಏನಾಯಿತು ಅಂತ ನೋಡಿದೆವು. ಕಾವೇರಿ ನೀರು ನಿಯಂತ್ರಣ ಸಮಿತಿ ಹದಿನೈದು ದಿನ ದಿನಕ್ಕೆ 5,000 ಕ್ಯೂಸೆಕ್ ಬಿಡಿ ಅಂದಿತು. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಆ 5,000 ಕ್ಯೂಸೆಕ್ ಹದಿನೈದು ದಿನಕ್ಕೆ ಎಷ್ಟಾಗುತ್ತೆ? ಸುಮಾರು 6.5 ಟಿಎಂಸಿ. ಕೆಆರ್‌ಎಸ್‌ನ ಒಟ್ಟು ಸಾಮರ್ಥ್ಯ 49.45 ಟಿಎಂಸಿ, ಅದರ ಎಂಟನೇ ಒಂದು ಭಾಗ. ಇದು ಜಾಸ್ತಿಯೋ ಕಡಿಮೆಯೋ ಅನ್ನೋದು ಅಕ್ಟೋಬರ್, ನವೆಂಬರಿನಲ್ಲಿ ಎಷ್ಟು ಒಳಹರಿವು ಬರಬಹುದು ಅನ್ನೋದರ ಮೇಲೆ ನಿಂತಿದೆ. ಅಂದರೆ ಮತ್ತೆ ಮಾಡೆಲ್. ಮಂಡ್ಯದಲ್ಲಿ ಹೆದ್ದಾರಿ ತಡೆದ ರೈತನಿಗೂ, ತಂಜಾವೂರಿನಲ್ಲಿ ಕುರುವೈ ಬೆಳೆ ಒಣಗೋದು ನೋಡ್ತಾ ನಿಂತ ರೈತನಿಗೂ ಈ ಲೆಕ್ಕವನ್ನು ಎರಡೂ ಸರ್ಕಾರ ತೆರೆದು ತೋರಿಸಲಿಲ್ಲ.

ಐದು ದಿನದ ಸರ್ಟಿಫಿಕೇಟು

ಹಾಗಾದರೆ ಈ ವಿದ್ಯೆ ಕಲಿಸೋರು ಇಲ್ಲವಾ? ಇದ್ದಾರೆ. ಪಟ್ಟಿ ಸಣ್ಣದಲ್ಲ. ಧಾರವಾಡದಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ಎಲ್ಲರ ಬಾಯಲ್ಲಿ 'ವಾಲ್ಮಿ', ಇದೆ. ಬೆಳಗಾವಿಯಲ್ಲಿ ರೂರ್ಕಿ ಸಂಸ್ಥೆಯದ್ದೇ ಪ್ರಾದೇಶಿಕ ಕೇಂದ್ರ ಇದೆ. ಕೆಆರ್‌ಎಸ್‌ನಲ್ಲಿ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆ. ಸುರತ್ಕಲ್ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲಕ್ಕೇ ಒಂದು ವಿಭಾಗ ಇದೆ. ಐಐಎಸ್‌ಸಿ ಇದೆ. ಪುಣೆಯಲ್ಲಿ ಕೇಂದ್ರ ಜಲ ಆಯೋಗದ ರಾಷ್ಟ್ರೀಯ ಜಲ ಅಕಾಡೆಮಿ ಇದೆ. 2016ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಸುಮಾರು 3,680 ಕೋಟಿಯ ರಾಷ್ಟ್ರೀಯ ಜಲವಿಜ್ಞಾನ ಯೋಜನೆ ಶುರುವಾಯಿತು, ಅದರಲ್ಲಿ ತರಬೇತಿಯೂ ಒಂದು ಭಾಗ.

ಸಾಫ್ಟ್‌ವೇರ್ ದುಬಾರಿ ಅನ್ನೋ ನೆಪವೂ ಇಲ್ಲ. ಮಳೆಯಿಂದ ಹರಿವು ಲೆಕ್ಕ ಹಾಕುವ ಎಚ್‌ಇಸಿ-ಎಚ್‌ಎಂಎಸ್, ನದಿಯಲ್ಲಿ ನೀರು ಎಲ್ಲಿವರೆಗೆ ಏರುತ್ತೆ ಅಂತ ಹೇಳುವ ಎಚ್‌ಇಸಿ-ರಾಸ್, ಎರಡನ್ನೂ ಅಮೆರಿಕದ ಸೇನೆಯ ಎಂಜಿನಿಯರ್ ದಳ ಉಚಿತವಾಗಿ ಕೊಡುತ್ತೆ. ಜಲಾನಯನ ಮಟ್ಟದ ಸ್ವಾಟ್ ಕೂಡ ಉಚಿತ. ನಕ್ಷೆಗೆ ಕ್ಯೂಜಿಐಎಸ್ ಉಚಿತ. ಮಧ್ಯಮ ದರ್ಜೆಯ ಲ್ಯಾಪ್‌ಟಾಪ್ ಇದ್ದರೆ ಸಾಕು.

ಹಾಗಾದರೆ ಕೊರತೆ ಎಲ್ಲಿದೆ? ನಾನು ಸಿವಿಲ್ ಓದಿದ ಕಾಲೇಜಿನಲ್ಲಿ ಹೈಡ್ರಾಲಜಿ ಅಂದರೆ ಒಂದು ಸೆಮಿಸ್ಟರ್‌ನ ಒಂದು ಪೇಪರ್. ಪರೀಕ್ಷೆಗೆ ಖಾತ್ರಿ ಬರುವ ಪ್ರಶ್ನೆ ಡಿಕನ್ಸ್ ಸೂತ್ರ, ರೈವ್ಸ್ ಸೂತ್ರ. ಮೊದಲನೆಯದು 1865ರದ್ದು, ಎರಡನೆಯದು 1884ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಅಂತ ಮಾಡಿದ್ದು. ಜಲಾನಯನದ ವಿಸ್ತೀರ್ಣ, ಒಂದು ಗುಣಾಂಕ ಹಾಕಿದರೆ ಗರಿಷ್ಠ ಪ್ರವಾಹ ಎಷ್ಟು ಅಂತ ಹೇಳಿಬಿಡುತ್ತವೆ. ಮಳೆ ಎಷ್ಟು ಬಿತ್ತು ಅಂತ ಕೇಳೋದೇ ಇಲ್ಲ! ಕಾಲೇಜಿನ ಅಂಗಳದಲ್ಲಿ ಒಂದು ಮಳೆಮಾಪಕ ಇತ್ತು, ನಾಲ್ಕು ವರ್ಷದಲ್ಲಿ ಅದರ ಬೀಗ ತೆಗೆದದ್ದನ್ನು ನಾನು ನೋಡಲಿಲ್ಲ. ನಮ್ಮ ಬ್ಯಾಚ್‌ನಲ್ಲಿ ಹೆಚ್ಚಿನವರು ಡಿಗ್ರಿ ಮುಗಿಸಿ ಐಟಿ ಕಂಪನಿ ಬಸ್ ಹತ್ತಿದರು. ನಾನು ಈ ಕಡೆ ಬಂದೆ.

ಪತ್ರಕರ್ತ ವೃತ್ತಿಗೆ ಬಂದ ಮೇಲೆ ಇಂಥದ್ದೊಂದು ಐದು ದಿನದ ತರಬೇತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಲಿಸಿದವರು ಚೆನ್ನಾಗಿಯೇ ಕಲಿಸಿದರು. ಆದರೆ ಅಭ್ಯಾಸಕ್ಕೆ ಕೊಟ್ಟದ್ದು ಮೊದಲೇ ತೊಳೆದು ಒರೆಸಿಟ್ಟ ಡೇಟಾ. ಎಲ್ಲಿ ಕ್ಲಿಕ್ ಮಾಡಬೇಕು ಅಂತ ಕೈಪಿಡಿಯಲ್ಲಿ ಬಾಣದ ಗುರುತು. ಐದನೇ ದಿನ ಎಲ್ಲರ ಪರದೆಯ ಮೇಲೂ ಒಂದೇ ಗ್ರಾಫ್, ಸಂಜೆ ಗ್ರೂಪ್ ಫೋಟೋ, ಸರ್ಟಿಫಿಕೇಟು. ಊರಿಗೆ ಹೋದ ಮೇಲೆ ಸಿಗುವ ಡೇಟಾ ಹಾಗಿರೋದಿಲ್ಲ. ಮೂರು ತಿಂಗಳು ರೀಡಿಂಗ್ ಇಲ್ಲ, ಒಂದು ದಿನ ಮಳೆ ಸೊನ್ನೆ, ಪಕ್ಕದ ಹೋಬಳಿಯಲ್ಲಿ 90 ಮಿ.ಮೀ. ಸೊನ್ನೆ ಅಂದರೆ ಮಳೆ ಬರಲಿಲ್ಲ ಅಂತಲೋ, ನೌಕರ ರಜೆ ಹಾಕಿದ್ದ ಅಂತಲೋ? ಇದನ್ನು ತೀರ್ಮಾನಿಸೋದೇ ಹೈಡ್ರಾಲಜಿಯ ಅರ್ಧ ಕೆಲಸ, ಅದನ್ನು ಐದು ದಿನದಲ್ಲಿ ಯಾರೂ ಕಲಿಸಲಾರರು.

ಇನ್ನು ಕಲಿತವರ ಗತಿ. ಜಲಸಂಪನ್ಮೂಲ ಇಲಾಖೆ, ನಿಗಮಗಳಿಗೆ ಸಿವಿಲ್ ಎಂಜಿನಿಯರ್ ಆಗಿ ಸೇರಿದವರು ಇವತ್ತು ನಾಲೆ ಲೈನಿಂಗ್, ನಾಳೆ ಭೂಸ್ವಾಧೀನ, ನಾಡಿದ್ದು ಬಿಲ್ ಪಾಸ್ ಮಾಡುವ ಕುರ್ಚಿ. ಹೈಡ್ರಾಲಜಿಯನ್ನೇ ಹಿಡಿದು ಇಪ್ಪತ್ತು ವರ್ಷ ಮುಂದುವರಿಯುವ ದಾರಿ ಕಿರಿದು, ಅದರಲ್ಲಿ ಬಡ್ತಿಯ ಆಸೆಯೂ ಕಡಿಮೆ. ಟೆಂಡರ್ ಇರುವ ಕುರ್ಚಿಗೆ ಇರುವ ಪೈಪೋಟಿ ಮಳೆ ಲೆಕ್ಕದ ಕುರ್ಚಿಗೆ ಯಾಕಿರುತ್ತೆ ಹೇಳಿ? ಕೊನೆಗೆ ಮಾಡೆಲ್ ಕೆಲಸ ಕನ್ಸಲ್ಟೆಂಟ್ ಕಂಪನಿಗೆ ಹೋಗುತ್ತೆ. ಅವರು ಕೊಟ್ಟ ದಪ್ಪ ವರದಿಯನ್ನು ಪರಿಶೀಲಿಸಬೇಕಾದ ಅಧಿಕಾರಿ, ಐದು ದಿನದ ತರಬೇತಿಯನ್ನು ಮೂರು ವರ್ಷದ ಹಿಂದೆ ಮುಗಿಸಿದವರು. ಯೋಜನೆ ಆಗಲೇಬೇಕು ಅಂತ ಮಂತ್ರಿಗಳು ಘೋಷಿಸಿದ ಮೇಲೆ 'ನೀರಿಲ್ಲ' ಅಂತ ಬರೆಯುವ ಕನ್ಸಲ್ಟೆಂಟ್‌ಗೆ ಮುಂದಿನ ಕೆಲಸ ಸಿಗುತ್ತಾ? ಆ ಒತ್ತಡವನ್ನು ತಡೆಯಬಲ್ಲದ್ದು ಸರ್ಕಾರದ ಒಳಗಿನ ತಜ್ಞತೆ ಮಾತ್ರ.

ತುಂಗಭದ್ರೆಯ ಆ ರಾತ್ರಿ, ಡಿಸೆಂಬರಿನ ಗಡುವು

2024ರ ಆಗಸ್ಟ್ 10ರ ರಾತ್ರಿ ತುಂಬಿದ ತುಂಗಭದ್ರಾ ಜಲಾಶಯದ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿ ಹೋಯಿತು. ಅದು ಕಬ್ಬಿಣದ ಕಥೆ, ಮಾಡೆಲ್‌ನ ತಪ್ಪಲ್ಲ. ಆದರೆ ಒತ್ತಡ ತಗ್ಗಿಸೋಕೆ ಉಳಿದ ಗೇಟುಗಳನ್ನೂ ತೆರೆದಾಗ ಕೆಳಗಿನ ಊರುಗಳಿಗೆ ಬೇಕಿದ್ದ ಮಾಹಿತಿ ಒಂದೇ: ಎಷ್ಟು ಹೊತ್ತಿಗೆ, ಯಾವ ಊರಿಗೆ, ಎಷ್ಟು ಎತ್ತರ ನೀರು ಬರುತ್ತೆ? ಇದು ಮಾಡೆಲ್ ಉತ್ತರಿಸಬೇಕಾದ ಪ್ರಶ್ನೆ, ಅದೂ ಘಟನೆಗೆ ಮೊದಲೇ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದನ್ನು ಕಡ್ಡಾಯ ಮಾಡಿದೆ. ದೊಡ್ಡ ಅಣೆಕಟ್ಟುಗಳ ಮಾಲೀಕರು ತುರ್ತು ಕ್ರಿಯಾ ಯೋಜನೆ ಮಾಡಬೇಕು, ಸಮಗ್ರ ಸುರಕ್ಷತಾ ಮೌಲ್ಯಮಾಪನ ಮಾಡಿಸಬೇಕು. ಕಾಯ್ದೆ ಜಾರಿಯಾದದ್ದು 2021ರ ಡಿಸೆಂಬರ್ 30ಕ್ಕೆ, ಕೊಟ್ಟ ಕಾಲಾವಕಾಶ ಐದು ವರ್ಷ. ಅಂದರೆ ಗಡುವು 2026ರ ಡಿಸೆಂಬರ್. ಕರ್ನಾಟಕದಲ್ಲಿ ಇಂಥ ಅಣೆಕಟ್ಟುಗಳು ಸುಮಾರು 230. ಒಂದೊಂದಕ್ಕೂ 'ಒಡೆದರೆ ಏನಾಗುತ್ತೆ' ಅನ್ನೋ ಲೆಕ್ಕ, ಮುಳುಗುವ ಊರುಗಳ ನಕ್ಷೆ ಬೇಕು. ಹಳೆಯ ಅಣೆಕಟ್ಟುಗಳಿಗೆ ಅಂದು ಊಹಿಸಿದ್ದ ಗರಿಷ್ಠ ಪ್ರವಾಹ ಇಂದಿನ ಮಳೆಗೆ ಸಾಕಾ ಅಂತ ಮತ್ತೆ ನೋಡಬೇಕು. ಜಲಾಶಯವೂ ಅಂದಿನದ್ದಲ್ಲ. ತುಂಗಭದ್ರೆಯದ್ದೇ ಸಾಮರ್ಥ್ಯ ಹೂಳಿನಿಂದಾಗಿ 133 ಟಿಎಂಸಿಯಿಂದ 105ಕ್ಕೆ ಇಳಿದಿದೆ.

230 ಅಣೆಕಟ್ಟಿನ ಲೆಕ್ಕವನ್ನು ಗಂಭೀರವಾಗಿ ಮಾಡಿ, ಪರಿಶೀಲಿಸಿ, ಸಹಿ ಹಾಕುವಷ್ಟು ಕೈಗಳು ನಮ್ಮಲ್ಲಿ ಇವೆಯಾ? ಇಲ್ಲದಿದ್ದರೆ ಆಗೋದು ಗೊತ್ತೇ ಇದೆ. ಒಂದೇ ಟೆಂಪ್ಲೇಟಿನಲ್ಲಿ ಅಣೆಕಟ್ಟಿನ ಹೆಸರು ಬದಲಿಸಿದ ಪಿಡಿಎಫ್‌ಗಳು ಬರುತ್ತವೆ, ಕಾನೂನಿನ ಚೌಕಕ್ಕೆ ಟಿಕ್ ಬೀಳುತ್ತೆ. ಕೆಳಗಿನ ಊರಿನವರಿಗೆ ಆ ನಕ್ಷೆ ಕಾಣೋದು ನೀರು ಬಂದ ಮೇಲೆ.

ಹಳ್ಳಿಯವರು ಕಲಿತು ತೋರಿಸಿದ್ದಾರೆ

ಇದೆಲ್ಲ ದೊಡ್ಡ ವಿದ್ಯೆ, ಜನಸಾಮಾನ್ಯರಿಗೆ ಅರ್ಥವಾಗಲ್ಲ ಅನ್ನೋರಿಗೆ ಪಕ್ಕದ ಆಂಧ್ರದ ಉದಾಹರಣೆ ಇದೆ. 2000ದ ದಶಕದಲ್ಲಿ, ರಾಜ್ಯ ಇಬ್ಭಾಗ ಆಗೋಕೆ ಮುಂಚೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಂಬಲದಿಂದ ಏಳು ಬರಪೀಡಿತ ಜಿಲ್ಲೆಗಳ 600ಕ್ಕೂ ಹೆಚ್ಚು ಹಳ್ಳಿಗಳಲ್ಲಿ ರೈತರೇ ಮಳೆ ಅಳೆದರು, ಬೋರ್‌ವೆಲ್ ಮಟ್ಟ ಅಳೆದು ಗೋಡೆ ಮೇಲೆ ಬರೆದರು, ಹಿಂಗಾರು ಬಿತ್ತನೆಗೆ ಮೊದಲು ಕೂತು ಇರುವ ನೀರಿಗೆ ಯಾವ ಬೆಳೆ ಅಂತ ಬಜೆಟ್ ಹಾಕಿದರು. ಅದು ಕೂಡ ಹೈಡ್ರಾಲಜಿಕ್ ಮಾಡೆಲೇ, ಕಂಪ್ಯೂಟರ್ ಇಲ್ಲದ್ದು ಅಷ್ಟೇ. ನಮ್ಮಲ್ಲೂ ಅಟಲ್ ಭೂಜಲ ಯೋಜನೆಯಡಿ 14 ಜಿಲ್ಲೆಗಳ 41 ತಾಲ್ಲೂಕುಗಳಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ನೀರಿನ ಬಜೆಟ್ ಕೆಲಸ ಶುರುವಾಯಿತು. ಯೋಜನೆಯ ಹಣ ನಿಂತ ಮೇಲೂ ಆ ಅಳತೆ ಮುಂದುವರಿಯುತ್ತಾ ಅನ್ನೋದೇ ನಿಜವಾದ ಪರೀಕ್ಷೆ.

ನಮಗೆ ಇನ್ನೊಂದು ಬಲವೂ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಐಐಎಸ್‌ಸಿ ಜೊತೆ ಸೇರಿ ಬೆಂಗಳೂರಿಗೆ ಮೇಘಸಂದೇಶ ಆ್ಯಪ್ ಮಾಡಿದ್ದೂ ಇದೇ ಕೇಂದ್ರ. ಮಳೆ ಅಳೆಯೋದರಲ್ಲಿ ನಾವು ಹಿಂದಿಲ್ಲ. ಚಿಕ್ಕ ಹಳ್ಳ, ತೊರೆಗಳಲ್ಲಿ ಹರಿವು ಅಳೆಯೋದರಲ್ಲಿ, ಅಳೆದದ್ದನ್ನು ಓದುವ ಜನರನ್ನು ಬೆಳೆಸೋದರಲ್ಲಿ ಹಿಂದಿದ್ದೀವಿ.

ಏನು ಕೇಳಬೇಕು?

ಮೊದಲನೆಯದು, ಡಿಪಿಆರ್ ಜೊತೆ ಮಾಡೆಲ್‌ನ ಕಡತಗಳನ್ನೂ ಸಾರ್ವಜನಿಕ ಮಾಡಲಿ. ಮಳೆ, ಹರಿವಿನ ಡೇಟಾ, ಬಳಸಿದ ಗುಣಾಂಕ, ತಾಳೆ ಹಾಕಿದ ವರ್ಷ, ಎಲ್ಲವೂ. ಗಂಗಾ, ಬ್ರಹ್ಮಪುತ್ರದಂಥ ಅಂತರರಾಷ್ಟ್ರೀಯ ಕಣಿವೆಗಳ ಡೇಟಾ ಗೌಪ್ಯ ಅಂತ ಕೇಂದ್ರ ಹೇಳುತ್ತೆ. ಕೃಷ್ಣಾ, ಕಾವೇರಿ, ನೇತ್ರಾವತಿಗೆ ಆ ನೆಪ ಇಲ್ಲ. ಸಾಫ್ಟ್‌ವೇರ್ ಉಚಿತ ಇರೋದರಿಂದ ಬೆಳ್ತಂಗಡಿಯ ವಿದ್ಯಾರ್ಥಿಯೂ ಕೋಲಾರದ ವಿದ್ಯಾರ್ಥಿಯೂ ಅದೇ ಮಾಡೆಲ್ ಓಡಿಸಿ ನೋಡಬಹುದು.

ಎರಡನೆಯದು, ಸಾವಿರ ಕೋಟಿ ದಾಟುವ ಯಾವ ನೀರಿನ ಯೋಜನೆಗೂ ಎರಡನೇ ಲೆಕ್ಕ ಕಡ್ಡಾಯ ಆಗಲಿ. ಯೋಜನೆ ಮಾಡುವ ನಿಗಮದಿಂದ ಸಂಬಳ ಪಡೆಯದ ತಂಡ ಅದನ್ನು ಮಾಡಲಿ. ಎರಡು ಉತ್ತರಗಳ ನಡುವೆ ಅಂತರ ಇದ್ದರೆ ಕಾರಣ ಬರೆದು ವಿಧಾನಸಭೆಯ ಮುಂದಿಡಲಿ.

ಮೂರನೆಯದು, ಇಲಾಖೆಯಲ್ಲಿ ಹೈಡ್ರಾಲಜಿಗೆ ಪ್ರತ್ಯೇಕ ವೃತ್ತಿ ದಾರಿ ಬರಲಿ. ಬಡ್ತಿ ಸಮೇತ. ತರಬೇತಿ ಐದು ದಿನದ್ದಾಗದೆ ಒಂದು ಇಡೀ ಮಳೆಗಾಲದ್ದಾಗಲಿ. ತನ್ನ ಹೊಳೆಯ ಮಾಡೆಲ್ ಅನ್ನು ಜೂನ್‌ನಲ್ಲಿ ಕಟ್ಟಿ ಅಕ್ಟೋಬರಿನಲ್ಲಿ ನಿಜದ ಹರಿವಿನ ಜೊತೆ ತಾಳೆ ನೋಡಿದವರಿಗೆ ಮಾತ್ರ ಸರ್ಟಿಫಿಕೇಟು ಕೊಡಿ.

ನಾಲ್ಕನೆಯದು, ಸಿವಿಲ್ ವಿಭಾಗ ಇರುವ ಪ್ರತಿ ಎಂಜಿನಿಯರಿಂಗ್ ಕಾಲೇಜಿಗೆ ಒಂದೊಂದು ಹಳ್ಳ ಅಥವಾ ಕೆರೆ ವಹಿಸಿ. ಸೇತುವೆ ಕಂಬಕ್ಕೆ ಅಳತೆ ಪಟ್ಟಿ ಬರೆಯೋದು ಕೆಲವು ಸಾವಿರ ರೂಪಾಯಿಯ ಕೆಲಸ. ಹತ್ತು ವರ್ಷ ಬಿಡದೆ ಅಳೆದರೆ ಅಷ್ಟು ಹಳ್ಳಗಳ ದಾಖಲೆ ನಮ್ಮ ಕೈಲಿರುತ್ತೆ. ಸಿವಿಲ್ ಓದಿ ಕೆಲಸ ಇಲ್ಲ ಅನ್ನೋ ಹುಡುಗ ಹುಡುಗಿಯರಿಗೆ ಇದು ಬಿಡಿಗಾಸಿನ ಇಂಟರ್ನ್‌ಶಿಪ್ ಆಗಬಾರದು, ಸಂಬಳದ ಕೆಲಸ ಆಗಬೇಕು.

ಇದನ್ನೆಲ್ಲ ಕನ್ನಡದಲ್ಲೂ ಮಾಡಬೇಕು. ಕ್ಯೂಸೆಕ್, ಟಿಎಂಸಿ, ಹಿನ್ನೀರು, ಇಳುವರಿ ಅನ್ನೋ ಮಾತು ಮಂಡ್ಯದ ಹೋಟೆಲಿನಲ್ಲಿ ಟೀ ಕುಡಿಯೋರಿಗೂ ಗೊತ್ತು. 'ಭರವಸೆ ಎಷ್ಟು ಪರ್ಸೆಂಟ್' ಅನ್ನೋದೂ ಆ ಮಾತಿಗೆ ಸೇರಲಿ. ಪ್ರತಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುವ ಖರ್ಚಿನಲ್ಲಿ ಒಂದಿಷ್ಟು ಮಳೆಮಾಪಕದ ಬೀಗ ತೆಗೆಯೋಕೆ ಹೋದರೂ ನಷ್ಟವಿಲ್ಲ.

ಕೋಲಾರದ ಜನ ದಶಕಗಳಿಂದ ಫ್ಲೋರೈಡ್ ನೀರು ಕುಡೀತಿದ್ದಾರೆ. ಅವರಿಗೆ ನೀರು ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 24 ಅಂತ ಹೇಳಿ 9 ಬಂದರೆ ಹಾಸನ, ತುಮಕೂರು ದಾಟಿ ಕಾಲುವೆಯ ಕೊನೆಗೆ ತಲುಪೋದು ಎಷ್ಟು? ಆ ಕೊನೆಯಲ್ಲಿ ಕಾಯ್ತಾ ಇರೋದು ಇದೇ ಕೋಲಾರ. ಅದಕ್ಕೇ ಮುಂದಿನ ಸಲ ಯಾವ ಪಕ್ಷದ ಮಂತ್ರಿಯಾದರೂ ವೇದಿಕೆ ಹತ್ತಿ 'ಇಷ್ಟು ಟಿಎಂಸಿ ತರ್ತೀವಿ' ಅಂದಾಗ ಚಪ್ಪಾಳೆಗೆ ಮೊದಲು ಮೂರು ಪ್ರಶ್ನೆ ಕೇಳಿ. ಯಾವ ವರ್ಷಗಳ ಡೇಟಾ? ಎಲ್ಲಿ ಅಳೆದದ್ದು? ಹತ್ತು ವರ್ಷದಲ್ಲಿ ಎಷ್ಟು ವರ್ಷ ಅಷ್ಟು ನೀರು ಬರುತ್ತೆ?